ಕಡಿಮೆ ವಿದ್ಯುತ್ತಿನ ವೈರ್‌ಲೆಸ್ ಮೈಕ್ರೋಕಂಟ್ರೋಲರ್: ಲಕ್ಷಣ ನೋಡಿ ದೋಷ ಹಿಡಿಯುವ ಕ್ರಮ

ಬ್ಯಾಟರಿಯಲ್ಲಿ ತಿಂಗಳುಗಟ್ಟಲೆ ಓಡಬೇಕಾದ ತಾಪಮಾನ ಸೆನ್ಸರ್, ಬಾಗಿಲು ತೆರೆದರೆ ಸುದ್ದಿ ಕಳಿಸುವ ಘಟಕ, ಮಣ್ಣಿನ ತೇವ ಅಳೆಯುವ ನೋಡ್ ಮುಂತಾದವುಗಳ ಒಳಗಿರುವ ವೈರ್‌ಲೆಸ್ ಮೈಕ್ರೋಕಂಟ್ರೋಲರ್ (ರೇಡಿಯೋ ಸೇರಿರುವ ಪುಟ್ಟ ಕಂಪ್ಯೂಟರ್ ಚಿಪ್) ತನ್ನ ಆಯುಸ್ಸಿನ ಬಹುಪಾಲನ್ನು ನಿದ್ರೆಯಲ್ಲೇ ಕಳೆಯುತ್ತದೆ. ಗಾಢ ನಿದ್ರೆಯಲ್ಲಿ ಸುಮಾರು 10 ಮೈಕ್ರೋಆಂಪಿಯರ್ ಎಳೆಯುವ ಇಎಸ್‌ಪಿ32 ಚಿಪ್, ವೈಫೈ ಪ್ರಸಾರದ ಕ್ಷಣದಲ್ಲಿ 240 ಮಿಲಿಆಂಪಿಯರ್‌ವರೆಗೂ ಕೇಳುತ್ತದೆ. ಅಂದರೆ ಇಪ್ಪತ್ತು ಸಾವಿರ ಪಟ್ಟಿಗೂ ಹೆಚ್ಚು. ಬ್ಲೂಟೂತ್ ಮಾತ್ರ ಬಳಸುವ ಎನ್‌ಆರ್‌ಎಫ್52832 ಚಿಪ್ಪಿನಲ್ಲಿ ಈ ಏರಿಕೆ ಕೆಲವು ಮಿಲಿಆಂಪಿಯರ್‌ಗಳಿಗೆ ನಿಲ್ಲುತ್ತದೆಯಾದರೂ ಅಲ್ಲಿ ಬ್ಯಾಟರಿಯೂ ಅಷ್ಟೇ ಚಿಕ್ಕದಾಗಿರುತ್ತದೆ. ಈ ಎರಡು ತುದಿಗಳ ನಡುವಿನ ಅಂತರವನ್ನು ಮರೆತರೆ ದೋಷ ಹುಡುಕುವ ಕೆಲಸ ದಾರಿ ತಪ್ಪುತ್ತದೆ. ರೇಡಿಯೋ ಕೆಟ್ಟಿದೆ, ಪ್ರೋಗ್ರಾಂ ತಪ್ಪಾಗಿದೆ ಎಂದು ತೋರುವ ಎಷ್ಟೋ ತೊಂದರೆಗಳು ವಾಸ್ತವದಲ್ಲಿ ವಿದ್ಯುತ್ ಪೂರೈಕೆಯ ತೊಂದರೆಗಳೇ ಆಗಿರುತ್ತವೆ. ಆದ್ದರಿಂದ ಯಾವ ಲಕ್ಷಣವೇ ಇರಲಿ, ಕೋಡ್ ತಿದ್ದುವ ಮೊದಲು ವೋಲ್ಟೇಜ್ ಅಳೆಯುವುದು ಈ ಬರಹದ ಉದ್ದಕ್ಕೂ ಪಾಲಿಸಿರುವ ಕ್ರಮ.

ಬೇಕಾದ ಸಲಕರಣೆಗಳು ಹೆಚ್ಚಿಲ್ಲ. ಒಂದು ಮಲ್ಟಿಮೀಟರ್, ಚಿಪ್ಪಿನ ಸಂದೇಶಗಳನ್ನು ಕಂಪ್ಯೂಟರಿಗೆ ತರುವ 3.3 ವೋಲ್ಟ್ ಮಟ್ಟದ ಯುಎಸ್‌ಬಿ-ಸೀರಿಯಲ್ ಅಡಾಪ್ಟರ್, ಹೊಸ ಬ್ಯಾಟರಿ, ಬ್ಲೂಟೂತ್ ಸ್ಕ್ಯಾನರ್ ಆ್ಯಪ್ ಇರುವ ಫೋನ್ ಇವಿಷ್ಟಿದ್ದರೆ ಮುಕ್ಕಾಲು ಪಾಲು ದೋಷಗಳ ಜಾಡು ಸಿಗುತ್ತದೆ. ವೋಲ್ಟೇಜಿನ ಕ್ಷಣಕ್ಷಣದ ಏರಿಳಿತವನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇದ್ದರೆ ಕೆಲಸ ಬೇಗ ಮುಗಿಯುತ್ತದೆ.

ಮುಟ್ಟುವ ಮೊದಲು

ಸ್ಮಾರ್ಟ್ ಪ್ಲಗ್, ಗೋಡೆಯ ಸ್ವಿಚ್, ಬಲ್ಬ್ ಇಂಥವುಗಳ ಒಳಗಿನ ಅನೇಕ ಬೋರ್ಡುಗಳು ಮನೆಯ ವಿದ್ಯುತ್ ತಂತಿಯಿಂದ ಪ್ರತ್ಯೇಕಗೊಂಡಿರುವುದಿಲ್ಲ. ಅವುಗಳಲ್ಲಿ ‘ಗ್ರೌಂಡ್’ ಎಂದು ಬರೆದಿರುವ ಪಿನ್ ಕೂಡ ಫೇಸ್ ತಂತಿಗೆ ಸೇರಿರಬಹುದು. ಅಂಥ ಸಾಧನ ಪ್ಲಗ್‌ನಲ್ಲಿರುವಾಗ ಸೀರಿಯಲ್ ಅಡಾಪ್ಟರನ್ನೋ ಡಿಬಗರನ್ನೋ (ಚಿಪ್ಪಿಗೆ ಪ್ರೋಗ್ರಾಂ ತುಂಬಿ ಪರೀಕ್ಷಿಸುವ ಉಪಕರಣ) ಜೋಡಿಸಿದರೆ ಕಂಪ್ಯೂಟರ್ ಸುಟ್ಟುಹೋಗುವುದಷ್ಟೇ ಅಲ್ಲ, ಅದನ್ನು ಮುಟ್ಟಿದವರ ಪ್ರಾಣಕ್ಕೂ ಅಪಾಯವಿದೆ. ಪ್ಲಗ್‌ನಿಂದ ಪೂರ್ತಿ ಬಿಡಿಸಿ, ಬೇರೆ 3.3 ವೋಲ್ಟ್ ಮೂಲದಿಂದ ಚಿಪ್‌ಗೆ ವಿದ್ಯುತ್ ಕೊಟ್ಟು ಮಾತ್ರ ಪರೀಕ್ಷಿಸಬೇಕು. ಇದಕ್ಕೆ ಅನುಕೂಲವಿಲ್ಲದಿದ್ದರೆ ಸಾಧನವನ್ನು ಬಿಚ್ಚಲೇಬಾರದು.

ಲಿಥಿಯಂ ಬ್ಯಾಟರಿ ಉಬ್ಬಿದ್ದರೆ, ಚುಚ್ಚಿಹೋಗಿದ್ದರೆ ಅಥವಾ ಕೆಲಸವಿಲ್ಲದಿರುವಾಗಲೂ ಬಿಸಿಯಾಗಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಬೇಕು. ಸಿಆರ್2032 ನಾಣ್ಯ ಸೆಲ್ಲನ್ನು ಚಾರ್ಜ್ ಮಾಡುವಂತಿಲ್ಲ. ಅದೇ ಗಾತ್ರದ, ಚಾರ್ಜ್ ಆಗುವ ಎಲ್‌ಐಆರ್2032 ಸೆಲ್ ತುಂಬಿದಾಗ 4.2 ವೋಲ್ಟ್ ಕೊಡುತ್ತದೆ, 3.6 ವೋಲ್ಟ್ ಮಿತಿಯ ಚಿಪ್ಪಿಗೆ ನೇರವಾಗಿ ಹಾಕಿದರೆ ಚಿಪ್ ಹಾಳಾಗಬಹುದು. ನಾಣ್ಯ ಸೆಲ್‌ಗಳು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ. ನುಂಗಿದ ಸೆಲ್ ಕೆಲವೇ ಗಂಟೆಗಳಲ್ಲಿ ಅನ್ನನಾಳವನ್ನು ಸುಡುತ್ತದೆ. ನುಂಗಿರಬಹುದೆಂಬ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಲಕ್ಷಣ: ಸಾಧನಕ್ಕೆ ಜೀವವೇ ಬರುತ್ತಿಲ್ಲ

ಮೊದಲು ಚಿಪ್ಪಿನ ವಿದ್ಯುತ್ ಪಿನ್ನಿನಲ್ಲೇ ವೋಲ್ಟೇಜ್ ಅಳೆಯಿರಿ; ಬ್ಯಾಟರಿಯ ತುದಿಯಲ್ಲಿ ಅಳೆದರೆ ಸಾಲದು. ಬ್ಯಾಟರಿಯಲ್ಲಿ 3.7 ವೋಲ್ಟ್ ಇದ್ದು ಚಿಪ್ಪಿನ ಬಳಿ 2.6 ವೋಲ್ಟ್ ಮಾತ್ರ ಕಾಣಿಸಿದರೆ ನಡುವಿನ ರೆಗ್ಯುಲೇಟರ್ (ವೋಲ್ಟೇಜನ್ನು ಇಳಿಸಿ ಸ್ಥಿರವಾಗಿಡುವ ಭಾಗ) ಕಡೆ ನೋಡಬೇಕು. ಅಗ್ಗದ ಡೆವಲಪ್‌ಮೆಂಟ್ ಬೋರ್ಡುಗಳಲ್ಲಿ ಎಲ್ಲೆಡೆ ಕಾಣುವ ಎಎಂಎಸ್1117 ರೆಗ್ಯುಲೇಟರಿಗೆ ಒಳಬರುವ ವೋಲ್ಟೇಜ್ ಹೊರಹೋಗುವುದಕ್ಕಿಂತ ಸುಮಾರು 1.1 ವೋಲ್ಟ್ ಹೆಚ್ಚಿರಬೇಕು. 5 ವೋಲ್ಟ್ ಯುಎಸ್‌ಬಿಗೆ ಅದು ಸರಿಯೇ. ಲಿಥಿಯಂ ಸೆಲ್ಲಿಗೆ ಅದು ಹೊಂದುವುದಿಲ್ಲ. ಯುಎಸ್‌ಬಿಯಲ್ಲಿ ಚೆನ್ನಾಗಿ ಓಡಿ ಬ್ಯಾಟರಿಗೆ ಹಾಕಿದೊಡನೆ ಸತ್ತುಬೀಳುವ ಬೋರ್ಡಿನ ಕಥೆ ಸಾಮಾನ್ಯವಾಗಿ ಇದೇ.

ವೋಲ್ಟೇಜ್ ಸರಿಯಿದ್ದರೆ ಸೀರಿಯಲ್ ಮಾನಿಟರ್ (ಚಿಪ್ ಕಳಿಸುವ ಸಾಲುಗಳನ್ನು ಕಂಪ್ಯೂಟರಿನಲ್ಲಿ ತೋರಿಸುವ ಪ್ರೋಗ್ರಾಂ) ತೆರೆದು ರೀಸೆಟ್ ಒತ್ತಿ. ಇಎಸ್‌ಪಿ32 ತನ್ನ ಬೂಟ್ (ಚಾಲೂ ಆಗುವ ಹೊತ್ತಿನ) ಸಂದೇಶಗಳನ್ನು 115200 ವೇಗದಲ್ಲಿ ಕಳಿಸುತ್ತದೆ. ಅದಕ್ಕಿಂತ ಹಳೆಯ ವೈಫೈ ಚಿಪ್ ಆದ ಇಎಸ್‌ಪಿ8266ರ ಮೊದಲ ಸಾಲುಗಳು 74880 ವೇಗದಲ್ಲಿ ಬರುವುದರಿಂದ ಬೇರೆ ವೇಗದಲ್ಲಿ ಅವು ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತವೆ. ಅದನ್ನೇ ದೋಷವೆಂದು ಭಾವಿಸಬಾರದು. ‘ವೇಟಿಂಗ್ ಫಾರ್ ಡೌನ್‌ಲೋಡ್’ ಎಂಬ ಸಂದೇಶ ಬಂದರೆ ಬೂಟ್ ಪಿನ್ ಆದ ಜಿಪಿಐಒ0 ಗ್ರೌಂಡ್‌ಗೆ ಸೇರಿಕೊಂಡಿದೆ ಎಂದರ್ಥ. ‘ಇನ್‌ವ್ಯಾಲಿಡ್ ಹೆಡರ್’ ಎಂದು ಸಾಲುಸಾಲಾಗಿ ಬಂದರೆ ಪ್ರೋಗ್ರಾಂ ಉಳಿಯುವ ಸ್ಮೃತಿಯಾದ ಫ್ಲ್ಯಾಶ್ ಖಾಲಿಯಿದೆ, ಅಥವಾ ತಪ್ಪು ವಿಳಾಸಕ್ಕೆ ಪ್ರೋಗ್ರಾಂ ಬರೆಯಲಾಗಿದೆ.

ಸೆನ್ಸರ್ ಜೋಡಿಸಿದಾಗ ಮಾತ್ರ ಬೂಟ್ ಆಗದೆ, ತೆಗೆದರೆ ಬೂಟ್ ಆಗುವ ಸಾಧನದಲ್ಲಿ ಆ ಸೆನ್ಸರ್ ಯಾವ ಪಿನ್ನಿಗೆ ಹೋಗಿದೆ ಎಂದು ನೋಡಿ. ಇಎಸ್‌ಪಿ32ರಲ್ಲಿ ಜಿಪಿಐಒ12 ಬೂಟ್ ಸಮಯದಲ್ಲಿ ಮೇಲಿನ ಮಟ್ಟದಲ್ಲಿದ್ದರೆ ಚಿಪ್ ತನ್ನ ಫ್ಲ್ಯಾಶಿಗೆ 3.3ರ ಬದಲು 1.8 ವೋಲ್ಟ್ ಕೊಡುತ್ತದೆ ಮತ್ತು ಫ್ಲ್ಯಾಶ್ ಓದಲಾಗದೆ ನಿಂತುಬಿಡುತ್ತದೆ. ಆ ಪಿನ್ನಿಗೆ ಜೋಡಿಸಿದ ಪುಲ್-ಅಪ್ ರೋಧಕವೊಂದೇ (ಪಿನ್ನನ್ನು ಮೇಲಿನ ಮಟ್ಟಕ್ಕೆ ಎಳೆದಿಡುವ ರೋಧಕ) ಇದಕ್ಕೆ ಸಾಕು. ಸೆನ್ಸರನ್ನು ಬೇರೆ ಪಿನ್ನಿಗೆ ಬದಲಿಸುವುದು ಸುಲಭದ ಪರಿಹಾರ.

ಎನ್‌ಆರ್‌ಎಫ್52 ಸರಣಿಯಲ್ಲಿ ಇದಕ್ಕೆ ಹೋಲುವ ಇನ್ನೊಂದು ಬಲೆಯಿದೆ. ಚಿಪ್ಪಿನೊಳಗಿನ ಡಿಸಿ-ಡಿಸಿ ಪರಿವರ್ತಕವನ್ನು (ವೋಲ್ಟೇಜ್ ಬದಲಿಸುವ ಭಾಗ) ಫರ್ಮ್‌ವೇರ್, ಅಂದರೆ ಚಿಪ್ಪಿನೊಳಗೆ ತುಂಬಿದ ಪ್ರೋಗ್ರಾಂ, ಚಾಲೂ ಮಾಡುತ್ತದೆ, ಆದರೆ ಅದಕ್ಕೆ ಬೇಕಾದ ಇಂಡಕ್ಟರುಗಳನ್ನು (ತಂತಿ ಸುರುಳಿಗಳು) ಬೋರ್ಡಿನಲ್ಲಿ ಬೆಸೆದಿರುವುದಿಲ್ಲ. ತಯಾರಕರ ಮಾದರಿ ಬೋರ್ಡಿನಲ್ಲಿ ಓಡಿದ ಪ್ರೋಗ್ರಾಂ ಸ್ವಂತ ಬೋರ್ಡಿನಲ್ಲಿ ಮೊದಲ ಸಾಲುಗಳಲ್ಲೇ ಸತ್ತರೆ ಈ ಪರಿವರ್ತಕವನ್ನು ನಿಲ್ಲಿಸಿ ನೋಡಬೇಕು.

ಇಷ್ಟಾದರೂ ಜೀವ ಬರದೆ ಚಿಪ್ ಬೆರಳಿಗೆ ಬಿಸಿ ತಾಗುತ್ತಿದ್ದರೆ ಕೂಡಲೇ ವಿದ್ಯುತ್ ತೆಗೆಯಿರಿ. ವಿದ್ಯುತ್ ಪಿನ್ನಿಗೂ ಗ್ರೌಂಡ್‌ಗೂ ನಡುವೆ ಕೆಲವೇ ಓಮ್ ರೋಧ ಕಂಡರೆ ಬೆಸುಗೆ ಸೇತುವೆಯೋ ಸುಟ್ಟ ಚಿಪ್ಪೋ ಇದೆ. ಭೂತಗನ್ನಡಿಯಲ್ಲಿ ಸೇತುವೆ ಕಾಣದಿದ್ದರೆ ಮಾಡ್ಯೂಲ್ ಬದಲಿಸುವುದೇ ಅಗ್ಗ.

ಲಕ್ಷಣ: ಚಾಲೂ ಆಗುತ್ತದೆ, ರೇಡಿಯೋ ತೆರೆದೊಡನೆ ರೀಸೆಟ್ ಆಗುತ್ತದೆ

ಸೀರಿಯಲ್ ಮಾನಿಟರಿನಲ್ಲಿ ‘ಬ್ರೌನ್‌ಔಟ್ ಡಿಟೆಕ್ಟರ್ ವಾಸ್ ಟ್ರಿಗರ್ಡ್’ ಎಂಬ ಸಾಲು ಕಂಡರೆ ರೋಗನಿರ್ಣಯ ಅರ್ಧ ಮುಗಿದಂತೆ. ಪ್ರಸಾರದ ಕ್ಷಣದಲ್ಲಿ ವೋಲ್ಟೇಜ್ ಕುಸಿದು ಚಿಪ್ ತನ್ನನ್ನು ತಾನೇ ಮತ್ತೆ ಆರಂಭಿಸಿಕೊಂಡಿದೆ. ಈ ಪತ್ತೆಕಾರಕವನ್ನೇ ನಿಲ್ಲಿಸಿಬಿಡಿ ಎಂಬ ಸಲಹೆ ಹಲವು ಕಡೆ ಸಿಗುತ್ತದೆ. ಅದು ಜ್ವರ ಅಳೆಯುವ ಥರ್ಮಾಮೀಟರನ್ನು ಒಡೆದು ಹಾಕುವ ಚಿಕಿತ್ಸೆ. ಕುಸಿದ ವೋಲ್ಟೇಜಿನಲ್ಲಿ ಚಿಪ್ ಓಡುತ್ತಾ ಫ್ಲ್ಯಾಶಿಗೆ ಬರೆದರೆ ದತ್ತಾಂಶವೇ ಕೆಡಬಹುದು, ಆಗ ಸಣ್ಣ ದೋಷ ದೊಡ್ಡದಾಗುತ್ತದೆ.

ಮಲ್ಟಿಮೀಟರ್ ಈ ಕುಸಿತವನ್ನು ತೋರಿಸುವುದಿಲ್ಲ. ಅದು ಸೆಕೆಂಡಿಗೆ ಕೆಲವೇ ಬಾರಿ ಸರಾಸರಿ ತೆಗೆದು ಹೇಳುವ ಉಪಕರಣವಾದ್ದರಿಂದ ಒಂದೆರಡು ಮಿಲಿಸೆಕೆಂಡಿನ ಗುಂಡಿ ಅದರ ಕಣ್ಣಿಗೆ ಬೀಳದೆ 3.28 ವೋಲ್ಟ್ ಎಂದು ನೆಮ್ಮದಿಯಾಗಿ ತೋರಿಸುತ್ತಿರುತ್ತದೆ. ಆಸಿಲೋಸ್ಕೋಪ್ ಇಲ್ಲದಿದ್ದರೆ ಬದಲಿಸಿ ನೋಡುವ ವಿಧಾನವೇ ಗತಿ. ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ, ಗಿಡ್ಡವಾದ ದಪ್ಪ ಕೇಬಲ್ ಹಾಕಿ. ನಂತರ ಬ್ರೆಡ್‌ಬೋರ್ಡಿನ (ಬೆಸುಗೆಯಿಲ್ಲದೆ ತಂತಿ ಚುಚ್ಚಿ ಜೋಡಿಸುವ ಹಲಗೆ) ತಂತಿಗಳನ್ನು ಬಿಟ್ಟು ಬ್ಯಾಟರಿಯನ್ನು ನೇರವಾಗಿ ಬೆಸೆಯಿರಿ (ಬೆಸುಗೆ ಹೋಲ್ಡರಿನ ತಂತಿಗೆ, ಲಿಥಿಯಂ ಸೆಲ್ಲಿನ ಮೈಗೆ ಎಂದಿಗೂ ಅಲ್ಲ). ಇಎಸ್‌ಪಿ32ಕ್ಕೆ ಕನಿಷ್ಠ 500 ಮಿಲಿಆಂಪಿಯರ್ ಕೊಡಬಲ್ಲ ಮೂಲ ಬೇಕೆಂದು ಅದರ ತಯಾರಕರೇ ಹೇಳುತ್ತಾರೆ. ಫರ್ಮ್‌ವೇರಿನಲ್ಲಿ ಪ್ರಸಾರದ ಶಕ್ತಿಯನ್ನು ಇಳಿಸಿದಾಗ ರೀಸೆಟ್ ನಿಂತರೆ ಅನುಮಾನ ಖಚಿತವಾಯಿತು.

ಕೆಪಾಸಿಟರ್ ಸೇರಿಸುವುದು ಎಲ್ಲರೂ ಹೇಳುವ ಮದ್ದು, ಆದರೆ ಲೆಕ್ಕ ಹಾಕಿ ಸೇರಿಸಬೇಕು. ಬ್ಲೂಟೂತ್ ಚಿಪ್ 2 ಮಿಲಿಸೆಕೆಂಡ್ ಕಾಲ 10 ಮಿಲಿಆಂಪಿಯರ್ ಎಳೆದರೆ 100 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂಟಿಯಾಗಿಯೇ ಅದನ್ನು ಹೊತ್ತರೂ ವೋಲ್ಟೇಜ್ ಇಳಿಯುವುದು 0.2 ವೋಲ್ಟ್ ಮಾತ್ರ; ಆದ್ದರಿಂದ ನಾಣ್ಯ ಸೆಲ್ಲಿನ ಪಕ್ಕದಲ್ಲಿ ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಅದೇ ಕೆಪಾಸಿಟರಿನಿಂದ ವೈಫೈ ಚಿಪ್ 240 ಮಿಲಿಆಂಪಿಯರ್ ಎಳೆದರೆ ಒಂದೇ ಮಿಲಿಸೆಕೆಂಡಿನಲ್ಲಿ 2.4 ವೋಲ್ಟ್ ಇಳಿಯುತ್ತದೆ. ಹಾಗಾಗಿ ವೈಫೈ ಸಾಧನದಲ್ಲಿ ದುರ್ಬಲ ಬ್ಯಾಟರಿಯ ಕೊರತೆಯನ್ನು ಇಂಥ ಕೆಪಾಸಿಟರ್ ತುಂಬಲಾರದು, ಮೂಲವನ್ನೇ ಬದಲಿಸಬೇಕು. ಸಿಆರ್2032 ಸೆಲ್ಲಿನಿಂದ ವೈಫೈ ಓಡಿಸುವ ಆಸೆಯನ್ನು ಇದೇ ಲೆಕ್ಕದ ಮೇಲೆ ಕೈಬಿಡಬೇಕಾಗುತ್ತದೆ.

ಬೆಳಗಿನ ಚಳಿಯಲ್ಲಿ ಮಾತ್ರ ರೀಸೆಟ್ ಆಗಿ ಹಗಲಿನಲ್ಲಿ ಸರಿಯಾಗುವ ಸಾಧನದಲ್ಲಿ ನಾಣ್ಯ ಸೆಲ್ಲಿನ ಆಂತರಿಕ ರೋಧವನ್ನು ಅನುಮಾನಿಸಿ. ಸೆಲ್ ಹಳೆಯದಾದಂತೆ, ತಂಪಾದಂತೆ ಆ ರೋಧ ಏರುತ್ತದೆ. ಅದು 50 ಓಮ್ ಮುಟ್ಟಿದರೆ 10 ಮಿಲಿಆಂಪಿಯರ್ ಎಳೆತಕ್ಕೆ ಅರ್ಧ ವೋಲ್ಟ್ ಸೆಲ್ಲಿನೊಳಗೇ ಕಳೆದುಹೋಗುತ್ತದೆ. ಹೊರಗೆ ತೆಗೆದು ಅಳೆದರೆ ಅದೇ ಸೆಲ್ 2.9 ವೋಲ್ಟ್ ತೋರಿಸಿ ಮೋಸಮಾಡುತ್ತದೆ.

ಲಕ್ಷಣ: ಬ್ಯಾಟರಿ ಲೆಕ್ಕಕ್ಕಿಂತ ಬಹಳ ಬೇಗ ಖಾಲಿಯಾಗುತ್ತದೆ

ಹೆಚ್ಚು ದೂರು ಬರುವ ಲಕ್ಷಣ ಇದೇ, ಮತ್ತು ಇದರ ಮೂಲ ಹಿಡಿಯುವುದೇ ಹೆಚ್ಚು ತಾಳ್ಮೆ ಬೇಡುತ್ತದೆ. ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಹತ್ತು ನಿಮಿಷಕ್ಕೊಮ್ಮೆ ಎದ್ದು, 3 ಸೆಕೆಂಡ್ ಕಾಲ ಸರಾಸರಿ 100 ಮಿಲಿಆಂಪಿಯರ್ ಬಳಸಿ, ಉಳಿದ ಹೊತ್ತು 10 ಮೈಕ್ರೋಆಂಪಿಯರ್‌ನಲ್ಲಿ ಮಲಗುವ ಸಾಧನದ ಒಟ್ಟು ಸರಾಸರಿ ಸುಮಾರು 0.51 ಮಿಲಿಆಂಪಿಯರ್. 2000 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ ಇದಕ್ಕೆ 160 ದಿನಗಳ ಹತ್ತಿರ ಬರಬೇಕು. ಈಗ ಎರಡು ಬೇರೆ ಬೇರೆ ದೋಷಗಳನ್ನು ಊಹಿಸಿ. ಒಂದರಲ್ಲಿ ಬೋರ್ಡಿನ ರೆಗ್ಯುಲೇಟರ್ ನಿದ್ರೆಯಲ್ಲೂ 5 ಮಿಲಿಆಂಪಿಯರ್ ಕುಡಿಯುತ್ತಿದೆ. ಇನ್ನೊಂದರಲ್ಲಿ ನಿದ್ರೆ ಸರಿಯಾಗಿದೆ, ಆದರೆ ವೈಫೈ ರೂಟರ್ ಸಿಗದೆ ಸಾಧನ 3 ಸೆಕೆಂಡಿನ ಬದಲು 30 ಸೆಕೆಂಡ್ ಎಚ್ಚರವಿದ್ದು ಪ್ರಯತ್ನಿಸುತ್ತಿದೆ. ಎರಡರಲ್ಲೂ ಬ್ಯಾಟರಿ ಹೆಚ್ಚುಕಡಿಮೆ ಹದಿನೈದು-ಹದಿನಾರು ದಿನಗಳಲ್ಲಿ ಮುಗಿಯುತ್ತದೆ. ಹೊರಗಿನಿಂದ ನೋಡುವವರಿಗೆ ಲಕ್ಷಣ ಒಂದೇ, ಪರಿಹಾರಗಳು ಮಾತ್ರ ಪೂರ್ತಿ ಬೇರೆ. ಆದ್ದರಿಂದ ನಿದ್ರೆಯ ಕರೆಂಟು, ಎಚ್ಚರದ ಅವಧಿ ಈ ಎರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕು.

ಎಚ್ಚರದ ಅವಧಿ ಅಳೆಯುವುದು ಸುಲಭ, ಅದಕ್ಕೆ ಖರ್ಚಿಲ್ಲ. ಎದ್ದ ಕ್ಷಣದಿಂದ ಮಲಗುವ ಕ್ಷಣದವರೆಗಿನ ಮಿಲಿಸೆಕೆಂಡುಗಳನ್ನು ಎಣಿಸಿ, ಮಲಗಿದರೂ ಅಳಿಯದ ಸ್ಮೃತಿಯಲ್ಲಿಟ್ಟು, ಮುಂದಿನ ಸಂದೇಶದ ಜೊತೆ ಕಳಿಸುವಂತೆ ಫರ್ಮ್‌ವೇರಿನಲ್ಲಿ ಒಂದು ಸಾಲು ಸೇರಿಸಿ. ಕೆಲವು ಸುತ್ತುಗಳಲ್ಲಿ ಸಂಖ್ಯೆ ಏಕಾಏಕಿ ಹತ್ತು ಪಟ್ಟಾಗಿದ್ದರೆ ಸಂಪರ್ಕಕ್ಕೆ ಸಮಯಮಿತಿ ಇಟ್ಟಿಲ್ಲ ಎಂದರ್ಥ. ನೆಟ್‌ವರ್ಕ್ ಸಿಗದಿದ್ದರೆ ಕೆಲವು ಸೆಕೆಂಡುಗಳಲ್ಲಿ ಕೈಬಿಟ್ಟು ಮಲಗುವಂತೆ, ಪ್ರತಿ ಸೋಲಿನ ನಂತರ ಹೆಚ್ಚು ಹೊತ್ತು ಮಲಗುವಂತೆ ತಿದ್ದಬೇಕು.

ನಿದ್ರೆಯ ಕರೆಂಟನ್ನು ಅಳೆಯುವಲ್ಲಿ ಮೀಟರೇ ಅಡ್ಡಿಯಾಗುತ್ತದೆ. ಮೈಕ್ರೋಆಂಪಿಯರ್ ವ್ಯಾಪ್ತಿಯಲ್ಲಿ ಮೀಟರಿನೊಳಗಿನ ರೋಧ 100 ಓಮ್ ಇದ್ದರೆ, ಚಿಪ್ ಎದ್ದು 5 ಮಿಲಿಆಂಪಿಯರ್ ಕೇಳಿದಾಗಲೇ ಅರ್ಧ ವೋಲ್ಟ್ ಮೀಟರಿನಲ್ಲೇ ಉಳಿದು ಚಿಪ್ ರೀಸೆಟ್ ಆಗುತ್ತದೆ. ರೀಸೆಟ್ ಆದದ್ದರಿಂದ ಮತ್ತೆ ಹೆಚ್ಚು ಕೇಳುತ್ತದೆ, ಹೀಗೆ ಸುತ್ತುತ್ತಲೇ ಇರುತ್ತದೆ. ಇದಕ್ಕೆ ಉಪಾಯ ಸರಳ. ಮೀಟರಿನ ಎರಡು ಕಡ್ಡಿಗಳನ್ನು ಒಂದು ತುಂಡು ತಂತಿಯಿಂದ ಸೇರಿಸಿಟ್ಟು ಸಾಧನವನ್ನು ಚಾಲೂ ಮಾಡಿ, ಅದು ಮಲಗಿದ ಮೇಲೆ ತಂತಿಯನ್ನು ತೆಗೆದು ಅಂಕಿ ಓದಿ, ಏಳುವ ಮೊದಲು ತಂತಿಯನ್ನು ಮತ್ತೆ ಸೇರಿಸಿ. ಪರೀಕ್ಷೆಗಾಗಿ ನಿದ್ರೆಯ ಅವಧಿಯನ್ನು ಒಂದು ನಿಮಿಷಕ್ಕೆ ಇಟ್ಟುಕೊಂಡರೆ ಕೈಗೆ ಬಿಡುವು ಸಿಗುತ್ತದೆ. ಮೀಟರ್ ತಾನೇ ವ್ಯಾಪ್ತಿ ಬದಲಿಸುವ ಬಗೆಯದಾಗಿದ್ದರೆ ಆ ಸೌಲಭ್ಯವನ್ನು ನಿಲ್ಲಿಸಿಡಿ. ಬದಲಿಸುವಾಗ ಸಂಪರ್ಕ ಕ್ಷಣಕಾಲ ಕಡಿಯಬಹುದು.

ಸೂಕ್ಷ್ಮ ಮೀಟರ್ ಇಲ್ಲದವರಿಗೂ ದಾರಿಯಿದೆ. ಚಿಪ್ಪಿನ ವಿದ್ಯುತ್ ತಂತಿಗೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿ, ಸಾಧನ ಮಲಗಿದ ಮೇಲೆ ಬ್ಯಾಟರಿಯನ್ನು ಕಳಚಿ, ವೋಲ್ಟೇಜ್ ಇಳಿಯುವ ವೇಗ ನೋಡಿ. ಹತ್ತು ಸೆಕೆಂಡಿನಲ್ಲಿ 0.1 ವೋಲ್ಟ್ ಇಳಿದರೆ ಕರೆಂಟು 10 ಮೈಕ್ರೋಆಂಪಿಯರ್. ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಒಂದು ವೋಲ್ಟ್ ಇಳಿದರೆ ಸೋರಿಕೆ ಮಿಲಿಆಂಪಿಯರ್‌ಗಳಲ್ಲಿದೆ. ಕೆಪಾಸಿಟರಿನದೇ ಸೋರಿಕೆ ಇದರಲ್ಲಿ ಸೇರಿಕೊಳ್ಳುವುದರಿಂದ ಇದು ನಿಖರ ಅಳತೆಯಲ್ಲ, ಆದರೆ ದೋಷ ಹುಡುಕಲು ಸಾಕು.

ಸಿಕ್ಕ ಅಂಕಿಯ ಗಾತ್ರವೇ ಕಳ್ಳನ ಗುರುತು ಹೇಳುತ್ತದೆ. ಹತ್ತಾರು ಮಿಲಿಆಂಪಿಯರ್ ಇದ್ದರೆ ಚಿಪ್ ಮಲಗಿಯೇ ಇಲ್ಲ. 5ರಿಂದ 10 ಮಿಲಿಆಂಪಿಯರ್ ಇದ್ದರೆ ಎಎಂಎಸ್1117 ಬಗೆಯ ರೆಗ್ಯುಲೇಟರನ್ನೂ ಯುಎಸ್‌ಬಿ-ಸೀರಿಯಲ್ ಚಿಪ್ಪನ್ನೂ ನೋಡಿ. ಮೊದಲನೆಯದು ಒಂದೇ ಸುಮಾರು 5 ಮಿಲಿಆಂಪಿಯರ್ ಕುಡಿಯುತ್ತದೆ. ಸುಮಾರು 1.6 ಮೈಕ್ರೋಆಂಪಿಯರ್ ಸಾಕೆನ್ನುವ ಎಂಸಿಪಿ1700ರಂಥ ರೆಗ್ಯುಲೇಟರುಗಳಿವೆ, ಆದರೆ ಅದರ ಗರಿಷ್ಠ ಮಿತಿ 250 ಮಿಲಿಆಂಪಿಯರ್. ಬ್ಲೂಟೂತಿಗೆ ಧಾರಾಳ, ವೈಫೈಗೆ ಅಂಚಿನಲ್ಲಿ. ಒಂದೆರಡು ಮಿಲಿಆಂಪಿಯರ್ ಇದ್ದರೆ ವಿದ್ಯುತ್ ಬಂದಿದೆ ಎಂದು ತೋರಿಸುವ ಕೆಂಪು ಎಲ್‌ಇಡಿಯನ್ನು ಮೊದಲು ಕಿತ್ತುಹಾಕಿ. ಅದು ಉರಿಯುತ್ತಿದ್ದರೆ ಸಮಾಧಾನವೆನಿಸುವುದೇನೋ ನಿಜ, ಆದರೆ ಬ್ಯಾಟರಿ ಸಾಧನದಲ್ಲಿ ಅದಕ್ಕೆ ಜಾಗವಿಲ್ಲ. ಎನ್‌ಆರ್‌ಎಫ್52 ಚಿಪ್ಪಿನಲ್ಲಿ ಪ್ರೋಗ್ರಾಂ ತುಂಬಿದ ಕೂಡಲೇ ಅಳೆದಿದ್ದರೆ ಡಿಬಗ್ ವಿಭಾಗ ಇನ್ನೂ ಎಚ್ಚರವಿದ್ದು ಕರೆಂಟು ಹೆಚ್ಚು ತೋರಿಸುತ್ತದೆ. ಡಿಬಗರ್ ಕಳಚಿ, ವಿದ್ಯುತ್ತನ್ನು ಪೂರ್ತಿ ತೆಗೆದು ಮತ್ತೆ ಕೊಟ್ಟು ಅಳೆಯಿರಿ.

ನೂರಾರು ಮೈಕ್ರೋಆಂಪಿಯರ್ ಇದ್ದರೆ ರೋಧಕಗಳ ಲೆಕ್ಕ ಹಿಡಿಯಬೇಕು. 10 ಸಾವಿರ ಓಮ್ ಪುಲ್-ಅಪ್ ಇರುವ ಪಿನ್ ನಿದ್ರೆಯಲ್ಲಿ ಕೆಳಮಟ್ಟಕ್ಕೆ ಎಳೆದುಕೊಂಡಿದ್ದರೆ 3.3 ವೋಲ್ಟಿನಲ್ಲಿ 330 ಮೈಕ್ರೋಆಂಪಿಯರ್ ಹರಿಯುತ್ತದೆ. ಬಾಗಿಲಿನ ಸೆನ್ಸರ್ ಇದಕ್ಕೆ ಒಳ್ಳೆಯ ಉದಾಹರಣೆ. ಅಯಸ್ಕಾಂತ ಹತ್ತಿರವಿದ್ದಾಗ ಕೂಡಿಕೊಳ್ಳುವ ರೀಡ್ ಸ್ವಿಚ್, ಬಾಗಿಲು ಮುಚ್ಚಿರುವಷ್ಟು ಹೊತ್ತೂ, ಅಂದರೆ ದಿನದ ಬಹುಪಾಲು, ಪಿನ್ನನ್ನು ಗ್ರೌಂಡ್‌ಗೆ ಸೇರಿಸಿರುತ್ತದೆ. ಎನ್‌ಆರ್‌ಎಫ್52ರ ಒಳಗಿನ ಪುಲ್-ಅಪ್ ಸುಮಾರು 13 ಸಾವಿರ ಓಮ್. 3 ವೋಲ್ಟಿಗೆ 230 ಮೈಕ್ರೋಆಂಪಿಯರ್. 220 ಮಿಲಿಆಂಪಿಯರ್-ಗಂಟೆಯ ನಾಣ್ಯ ಸೆಲ್, ರೇಡಿಯೋ ಒಂದು ಸಂದೇಶವನ್ನೂ ಕಳಿಸದಿದ್ದರೂ, ನಲವತ್ತು ದಿನಗಳಲ್ಲಿ ಖಾಲಿ. ಒಳಗಿನ ಪುಲ್-ಅಪ್ ನಿಲ್ಲಿಸಿ ಹೊರಗೆ ಹತ್ತು ಲಕ್ಷ ಓಮ್ ರೋಧಕ ಹಾಕಿದರೆ ಇದೇ ಸೋರಿಕೆ 3 ಮೈಕ್ರೋಆಂಪಿಯರ್‌ಗೆ ಇಳಿಯುತ್ತದೆ.

ಸೆನ್ಸರಿನ ವಿದ್ಯುತ್ತನ್ನು ಕಡಿದರೂ ಅದರ ದತ್ತಾಂಶ ತಂತಿಗಳಿಗೆ ಪುಲ್-ಅಪ್ ಉಳಿದಿದ್ದರೆ ಕರೆಂಟು ಸೆನ್ಸರಿನ ರಕ್ಷಣಾ ಡಯೋಡುಗಳ ಮೂಲಕ ಹಿಂಬಾಗಿಲಿನಿಂದ ಹರಿಯುತ್ತದೆ. ಸೆನ್ಸರಿನ ವಿದ್ಯುತ್ ಪಿನ್ನಿನಲ್ಲಿ ಸೊನ್ನೆ ಇರಬೇಕಾದ ಕಡೆ ಒಂದೆರಡು ವೋಲ್ಟ್ ಕಂಡರೆ ಇದೇ ಕಾರಣ. ಪುಲ್-ಅಪ್ ರೋಧಕಗಳನ್ನೂ ಅದೇ ಕಡಿಯುವ ತಂತಿಗೆ ಸೇರಿಸಬೇಕು. ಯಾವ ಮಟ್ಟಕ್ಕೂ ಸೇರಿಸದೆ ತೇಲಿಬಿಟ್ಟ ಇನ್‌ಪುಟ್ ಪಿನ್ನುಗಳೂ ಕರೆಂಟು ಕುಡಿಯುತ್ತವೆ. ಅಂಥವುಗಳಲ್ಲಿ ಬೆರಳು ಹತ್ತಿರ ತಂದಾಗ ಮೀಟರಿನ ಅಂಕಿ ಕುಣಿಯುತ್ತದೆ.

ಹತ್ತಾರು ಮೈಕ್ರೋಆಂಪಿಯರ್ ಮಾತ್ರ ಉಳಿದಿದ್ದರೆ ಬ್ಯಾಟರಿ ಅಳೆಯುವ ರೋಧಕ ಜೋಡಿ, ಎಲೆಕ್ಟ್ರೋಲೈಟಿಕ್ ಕೆಪಾಸಿಟರಿನ ಸೋರಿಕೆ, ಬೋರ್ಡಿನ ಮೇಲೆ ಉಳಿದ ಫ್ಲಕ್ಸ್ (ಬೆಸುಗೆಗೆ ಬಳಸುವ ಅಂಟು) ಮತ್ತು ತೇವ ಇವುಗಳನ್ನು ನೋಡಿ. ಎರಡು ಲಕ್ಷ ಓಮ್ ಮೊತ್ತದ ಜೋಡಿ 4.2 ವೋಲ್ಟಿನಲ್ಲಿ ಸದಾ 21 ಮೈಕ್ರೋಆಂಪಿಯರ್ ಎಳೆಯುತ್ತದೆ. ಇದಕ್ಕಿಂತ ಕೆಳಗಿಳಿಯುವ ಪ್ರಯತ್ನಕ್ಕೆ ಕರೆಂಟಿನ ನಕ್ಷೆ ಬರೆಯುವ ವಿಶೇಷ ಮಾಪಕ ಬೇಕು. ಅದಿಲ್ಲದೆ ಊಹೆಯ ಮೇಲೆ ಭಾಗಗಳನ್ನು ಕಿತ್ತುಹಾಕುತ್ತಾ ಹೋಗಬಾರದು.

ಲಕ್ಷಣ: ಮಲಗಿದ ಸಾಧನ ಏಳುವುದಿಲ್ಲ, ಅಥವಾ ಎದ್ದಾಗ ಎಲ್ಲವನ್ನೂ ಮರೆತಿರುತ್ತದೆ

ಎರಡನೆಯದು ಬಹುಮಟ್ಟಿಗೆ ದೋಷವೇ ಅಲ್ಲ. ಇಎಸ್‌ಪಿ32 ಗಾಢ ನಿದ್ರೆಯಿಂದ ಎದ್ದಾಗ ಪ್ರೋಗ್ರಾಂ ಮೊದಲಿನಿಂದ ಆರಂಭವಾಗುತ್ತದೆ; ಆರ್‌ಟಿಸಿ (ನಿದ್ರೆಯಲ್ಲೂ ಎಚ್ಚರವಿರುವ ಗಡಿಯಾರ ವಿಭಾಗ) ಸ್ಮೃತಿಯಲ್ಲಿ ಇಡದ ಚರಗಳು ಅಳಿದಿರುತ್ತವೆ. ಏಳದೇ ಇದ್ದರೆ ಎಚ್ಚರಿಸುವ ಪಿನ್ ಆರ್‌ಟಿಸಿಗೆ ಸೇರಿದ ಪಿನ್ನುಗಳಲ್ಲಿ ಒಂದೇ ಎಂದು ನೋಡಿ. ಇಎಸ್‌ಪಿ8266ರಲ್ಲಿ ಜಿಪಿಐಒ16ನ್ನು ರೀಸೆಟ್ ಪಿನ್ನಿಗೆ ತಂತಿಯಿಂದ ಸೇರಿಸದಿದ್ದರೆ ಟೈಮರ್ ಅದನ್ನು ಎಬ್ಬಿಸಲಾರದು.

ನಿದ್ರೆಯ ಗಡಿಯಾರವನ್ನು ನಡೆಸುವ 32.768 ಕಿಲೋಹರ್ಟ್ಸ್ ಹರಳು ಕೆಲವು ಬೋರ್ಡುಗಳಲ್ಲಿ ಇರುವುದೇ ಇಲ್ಲ. ಇದೆಯೆಂದು ನಂಬಿದ ಫರ್ಮ್‌ವೇರ್ ಹರಳು ಸ್ಥಿರವಾಗುವುದನ್ನೇ ಕಾಯುತ್ತಾ ನಿಂತುಬಿಡಬಹುದು. ಫರ್ಮ್‌ವೇರಿನಲ್ಲಿ ಒಳಗಿನ ಆರ್‌ಸಿ ಆಂದೋಲಕಕ್ಕೆ (ಹರಳಿಲ್ಲದೆ ರೋಧಕ-ಕೆಪಾಸಿಟರಿನಿಂದ ನಡೆಯುವ ಗಡಿಯಾರ) ಬದಲಿಸಿದಾಗ ಸಾಧನ ಓಡಿದರೆ ದೋಷ ಹರಳಿನ ಭಾಗದಲ್ಲಿದೆ. ಈ ಹರಳಿನ ಕಾಲಿಗೆ ಆಸಿಲೋಸ್ಕೋಪಿನ ಕಡ್ಡಿ ತಾಗಿಸಬೇಡಿ. ಕಡ್ಡಿಯ ಸುಮಾರು 10 ಪಿಕೋಫ್ಯಾರಡ್ ಧಾರಕತೆಯೇ ಆಂದೋಲನವನ್ನು ನಿಲ್ಲಿಸಿ, ಸರಿಯಿದ್ದ ಹರಳನ್ನೂ ಸತ್ತಂತೆ ತೋರಿಸುತ್ತದೆ. ಗಡಿಯಾರದ ಸಂಕೇತವನ್ನು ಬೇರೊಂದು ಪಿನ್ನಿಗೆ ಹೊರತಂದು ಅಲ್ಲಿ ನೋಡಬೇಕು.

ಲಕ್ಷಣ: ವೈಫೈ ಸಿಗುವುದಿಲ್ಲ, ಸಿಕ್ಕರೂ ದೂರ ತಲುಪುವುದಿಲ್ಲ

ರೂಟರಿನ ಪಕ್ಕದಲ್ಲಿಟ್ಟು ಪ್ರಯತ್ನಿಸುವುದು ಮೊದಲ ಪರೀಕ್ಷೆ. ಅಲ್ಲಿಯೂ ಹೆಸರೇ ಕಾಣದಿದ್ದರೆ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿರಬಹುದು, ಅಥವಾ 12, 13ನೇ ಚಾನೆಲ್‌ನಲ್ಲಿದ್ದು ಸಾಧನದ ದೇಶ-ಆಯ್ಕೆ ಅವನ್ನು ಬಿಟ್ಟಿರಬಹುದು. ಇಎಸ್‌ಪಿ32ಕ್ಕೆ ತಿಳಿದಿರುವುದು 2.4 ಗಿಗಾಹರ್ಟ್ಸ್ ಮಾತ್ರ. ಅದು ಕೊಡುವ ಕಾರಣ ಸಂಖ್ಯೆಯನ್ನು ಓದಿ: 201 ಎಂದರೆ ಆ ಹೆಸರಿನ ನೆಟ್‌ವರ್ಕ್ ಕಾಣಲಿಲ್ಲ, 15 ಎಂದರೆ ಕೈಕುಲುಕುವ (ಕೀಲಿ ಪರಿಶೀಲಿಸಿ ಪರಸ್ಪರ ಒಪ್ಪುವ) ಹಂತದಲ್ಲಿ ಸಮಯ ಮೀರಿತು, ಎರಡನೆಯದಕ್ಕೆ ಸಾಮಾನ್ಯ ಕಾರಣ ತಪ್ಪು ಪಾಸ್‌ವರ್ಡ್. ಸಂಪರ್ಕವೂ ವಿಳಾಸವೂ ಸಿಕ್ಕಿ ಸರ್ವರ್ ಮಾತ್ರ ನಿರಾಕರಿಸುತ್ತಿದ್ದರೆ ಸಾಧನದ ಗಡಿಯಾರ ನೋಡಿ. ಹೊಸದಾಗಿ ಎದ್ದ ಚಿಪ್ಪಿಗೆ ಅದು ಇನ್ನೂ 1970ನೇ ಇಸವಿ, ಹಾಗಾಗಿ ಸರ್ವರಿನ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲವೆಂದು ತೀರ್ಮಾನಿಸುತ್ತದೆ.

ಹತ್ತಿರ ಸಿಕ್ಕಿ ದೂರ ಸಿಗದಿದ್ದರೆ ಸಿಗ್ನಲ್ ಮಟ್ಟ ಅಳೆಯಿರಿ. ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಒಳ್ಳೆಯದು, ಮೈನಸ್ 80ರ ಆಚೆ ಸಂಪರ್ಕ ಕಡಿಯತೊಡಗುತ್ತದೆ. ಒಂದು ಮೀಟರ್ ದೂರದಲ್ಲೇ ಮೈನಸ್ 75 ಕಂಡರೆ ಆಂಟೆನಾದ ದೋಷ ಎಂದು ಧೈರ್ಯವಾಗಿ ಹೇಳಬಹುದು. ಹೊರಗಿನ ಆಂಟೆನಾ ಬೇಡುವ ಮಾಡ್ಯೂಲಿಗೆ ಆಂಟೆನಾ ಹಾಕದಿರುವುದು, ಆಂಟೆನಾ ಆರಿಸುವ ಸೊನ್ನೆ ಓಮ್ ರೋಧಕ ತಪ್ಪು ಸ್ಥಾನದಲ್ಲಿರುವುದು ಇಲ್ಲಿ ಸಾಮಾನ್ಯ. ಬೋರ್ಡಿನ ಮೇಲೇ ಅಚ್ಚಾದ ಆಂಟೆನಾ ಇದ್ದರೆ ಅದರ ಸುತ್ತ 15 ಮಿಲಿಮೀಟರ್‌ನಷ್ಟು ಜಾಗದಲ್ಲಿ ತಾಮ್ರ, ಬ್ಯಾಟರಿ, ತಿರುಪು ಯಾವುದೂ ಇರಬಾರದು. ಬೆರಳಿನಿಂದ ಆಂಟೆನಾ ಮುಟ್ಟಿದಾಗ ಸಿಗ್ನಲ್ ಕುಸಿಯುವುದು ಸಹಜ. ಮುಟ್ಟಿದಾಗ ಉತ್ತಮಗೊಂಡರೆ ಆಂಟೆನಾ ಚಿಪ್ಪಿಗೆ ಸರಿಯಾಗಿ ಸೇರಿಲ್ಲ. ಪೆಟ್ಟಿಗೆ ಮುಚ್ಚಿದ ಮೇಲೆ ಮಾತ್ರ ಸಿಗ್ನಲ್ ಇಲ್ಲವಾಗುವುದಾದರೆ ಪೆಟ್ಟಿಗೆಯ ಲೋಹವನ್ನೋ ಲೋಹಮಿಶ್ರಿತ ಬಣ್ಣವನ್ನೋ ದೂರಬೇಕು. ಲ್ಯಾಪ್‌ಟಾಪಿನ ಯುಎಸ್‌ಬಿ 3 ಕೇಬಲ್ ಪಕ್ಕದಲ್ಲಿಟ್ಟು ಅಳೆಯಬೇಡಿ, ಅದು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಹರಡುತ್ತದೆ.

ಲಕ್ಷಣ: ಬ್ಲೂಟೂತ್ ಸಂಪರ್ಕ ಸಿಕ್ಕಿ ಕಡಿದುಹೋಗುತ್ತದೆ

ಸಂಪರ್ಕ ಕಡಿದಾಗ ಬರುವ ಕಾರಣ ಸಂಖ್ಯೆಯೇ ಇಲ್ಲಿ ದಾರಿದೀಪ. ಹೆಕ್ಸ್ ಕ್ರಮದಲ್ಲಿ (ಅಂಕಿಗಳ ಜೊತೆ ಅಕ್ಷರಗಳನ್ನೂ ಬಳಸುವ ಹದಿನಾರರ ಎಣಿಕೆ) 13 ಎಂದರೆ ಎದುರಿನ ಸಾಧನವೇ ಬೇಕೆಂದು ಕಡಿದಿದೆ. ಫೋನಿನ ಆ್ಯಪ್ ನೋಡಬೇಕು. 3ಡಿ ಎಂದರೆ ಗೂಢಲಿಪಿಯ ಕೀಲಿಗಳು ಹೊಂದುತ್ತಿಲ್ಲ. ಎರಡೂ ಕಡೆ ಹಳೆಯ ಜೋಡಣೆಯನ್ನು ಅಳಿಸಿ ಹೊಸದಾಗಿ ಜೋಡಿಸಿ. 3ಇ ಎಂದರೆ ಸಂಪರ್ಕ ನೆಲೆಗೊಳ್ಳಲೇ ಇಲ್ಲ. 08 ಎಂದರೆ ನಿಗದಿತ ಅವಧಿಯವರೆಗೂ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ.

ಈ 08 ದೂರದಲ್ಲಿ ಮಾತ್ರ ಬಂದರೆ ಆಂಟೆನಾದ ವಿಚಾರ. ಪಕ್ಕದಲ್ಲಿಟ್ಟರೂ ಬರುತ್ತಿದ್ದರೆ ಸಂಪರ್ಕದ ಅಂತರವನ್ನು, ಅಂದರೆ ಎರಡು ಸಾಧನಗಳು ಮತ್ತೆ ಮತ್ತೆ ಮಾತಾಡುವ ನಡುವಿನ ಸಮಯವನ್ನು, ಬದಲಿಸಿ ನೋಡಿ. 30 ಮಿಲಿಸೆಕೆಂಡಿನ ಅಂತರದಲ್ಲಿ ಗಟ್ಟಿಯಾಗಿ ನಿಂತು, ಒಂದೆರಡು ಸೆಕೆಂಡಿನ ಅಂತರದಲ್ಲಿ ಕಡಿಯುವುದಾದರೆ ನಿದ್ರೆಯ ಗಡಿಯಾರದ ನಿಖರತೆಯನ್ನು ಫರ್ಮ್‌ವೇರ್ ತಪ್ಪಾಗಿ ಘೋಷಿಸಿದೆ. ಗಡಿಯಾರ ದಶಲಕ್ಷಕ್ಕೆ 250 ಪಾಲು ತಪ್ಪಬಲ್ಲ ಆರ್‌ಸಿ ಆಂದೋಲಕವಾಗಿದ್ದು, ದಶಲಕ್ಷಕ್ಕೆ 20 ಪಾಲಿನ ಹರಳೆಂದು ಹೇಳಿಕೊಂಡಿದ್ದರೆ, ಒಂದು ಸೆಕೆಂಡ್ ಮಲಗಿ ಏಳುವಾಗ ಸಾಧನ 250 ಮೈಕ್ರೋಸೆಕೆಂಡ್‌ವರೆಗೂ ಆಚೀಚೆ ಆಗಿರುತ್ತದೆ, ಆದರೆ ಕಿವಿ ತೆರೆಯುವ ಕಿಟಕಿಯನ್ನು ಅಷ್ಟು ಅಗಲ ಇಟ್ಟಿರುವುದಿಲ್ಲ. ಅಂತರ ಚಿಕ್ಕದಾದರೆ ತಪ್ಪೂ ಚಿಕ್ಕದಾಗುವುದರಿಂದ ದೋಷ ಮರೆಯಾಗಿರುತ್ತದೆ. ಘೋಷಣೆಯನ್ನು ತಿದ್ದಿದರೆ ಸಾಕು, ಬೋರ್ಡ್ ಮುಟ್ಟಬೇಕಿಲ್ಲ.

ಎಲ್ಲ ಅಂತರಗಳಲ್ಲೂ, ಕೆಲವು ಫೋನುಗಳ ಜೊತೆ ಮಾತ್ರ ತೊಂದರೆಯಾದರೆ ರೇಡಿಯೋದ 32 ಮೆಗಾಹರ್ಟ್ಸ್ ಹರಳಿನ ಎರಡು ಕೆಪಾಸಿಟರುಗಳನ್ನು ಅನುಮಾನಿಸಬೇಕು. 12 ಪಿಕೋಫ್ಯಾರಡ್‌ನ ಎರಡು ಸೇರಿ ಹರಳಿಗೆ ಕಾಣಿಸುವುದು 6. ಬೋರ್ಡಿನ ದಾರಿಗಳದು ಸುಮಾರು 3 ಸೇರಿ 9. ಹರಳು ಬೇಡುವುದು ಬೇರೆಯಾಗಿದ್ದರೆ ಪ್ರಸಾರದ ಆವರ್ತನವೇ ಸರಿದಿರುತ್ತದೆ. ಇದನ್ನು ಅಳೆಯಲು ಸ್ಪೆಕ್ಟ್ರಂ ಅನಲೈಸರ್ ಬೇಕಾದ್ದರಿಂದ ಇಲ್ಲಿ ನಿಲ್ಲಿಸಿ ಪ್ರಯೋಗಾಲಯದ ನೆರವು ಪಡೆಯುವುದು ಸರಿ.

ಲಕ್ಷಣ: ರೇಡಿಯೋ ತೆರೆದಾಗ ಸೆನ್ಸರ್ ಅಂಕಿಗಳು ಕೆಡುತ್ತವೆ

ಇಎಸ್‌ಪಿ32ರ ಎಡಿಸಿ2ಕ್ಕೆ (ಪಿನ್ನಿನ ವೋಲ್ಟೇಜನ್ನು ಅಂಕಿಯಾಗಿಸುವ ಎರಡನೇ ವಿಭಾಗ) ಸೇರಿದ ಪಿನ್ನುಗಳು ವೈಫೈ ಓಡುತ್ತಿರುವಾಗ ಅನಲಾಗ್ ಅಳತೆಗೆ ಸಿಗುವುದಿಲ್ಲ. ಸೆನ್ಸರನ್ನು 32ರಿಂದ 39ರವರೆಗಿನ ಎಡಿಸಿ1 ಪಿನ್ನಿಗೆ ಬದಲಿಸಿ. ಪಿನ್ ಸರಿಯಿದ್ದೂ ಅಂಕಿ ಜಿಗಿಯುತ್ತಿದ್ದರೆ ರೇಡಿಯೋ ತೆರೆಯುವ ಮೊದಲೇ ಓದಿ ಮುಗಿಸಿ. ಬ್ಯಾಟರಿಯ ಮಟ್ಟವನ್ನು ಮಾತ್ರ ಪ್ರಸಾರದ ನಡುವೆಯೂ ಒಮ್ಮೆ ಓದಿ. ಭಾರ ಹೊತ್ತಾಗಿನ ಆ ಅಂಕಿಯೇ ಬ್ಯಾಟರಿಯ ನಿಜವಾದ ಆರೋಗ್ಯ.

ಬೇರೆಯವರ ಕೈಗೆ ಒಪ್ಪಿಸುವಾಗ

ಬ್ಯಾಟರಿ ಚಾರ್ಜ್ ಮಾಡುವ ಭಾಗ ಬಿಸಿಯಾಗುವುದು, ಮನೆಯ ವಿದ್ಯುತ್ತಿಗೆ ಸೇರಿದ ಬೋರ್ಡಿನಲ್ಲಿ ಸುಟ್ಟ ಗುರುತು, ಚಿಪ್ಪಿನ ಹೊಟ್ಟೆಯಡಿಯ ಬೆಸುಗೆ, ಆಂಟೆನಾದ ಹೊಂದಾಣಿಕೆ ಇವು ಮೇಜಿನ ಮೇಲಿನ ಸಾಮಾನ್ಯ ಸಲಕರಣೆಗಳಿಗೆ ನಿಲುಕುವವಲ್ಲ. ಪ್ರಮಾಣಿತ ಮಾಡ್ಯೂಲಿನ ಆಂಟೆನಾವನ್ನು ಬೇರೆ ಬಗೆಯದಕ್ಕೆ ಬದಲಿಸಿದರೆ ಅದರ ರೇಡಿಯೋ ಪ್ರಮಾಣಪತ್ರ ಅನ್ವಯವಾಗದೆ ಹೋಗಬಹುದೆಂಬುದನ್ನೂ, ಮಾರಾಟಕ್ಕೆ ಇಡುವ ಸಾಧನಗಳಲ್ಲಿ, ನೆನಪಿಡಬೇಕು.

ನೆರವು ಕೇಳುವಾಗ ಚಿಪ್ಪಿನ ಪೂರ್ತಿ ಹೆಸರು ಮತ್ತು ಆವೃತ್ತಿ, ಫರ್ಮ್‌ವೇರ್ ಕಿಟ್‌ನ ಆವೃತ್ತಿ, ಬೂಟ್ ಸಂದೇಶದ ಮೊದಲ ಸಾಲಿನಿಂದ ಹಿಡಿದು ಇಡೀ ದಾಖಲೆ, ಮಲಗಿದಾಗ ಮತ್ತು ಎಚ್ಚರವಿದ್ದಾಗ ಬೇರೆ ಬೇರೆಯಾಗಿ ಅಳೆದ ಕರೆಂಟು, ಚಿಪ್ಪಿನ ಪಿನ್ನಿನಲ್ಲೇ ಅಳೆದ ವೋಲ್ಟೇಜ್ ಇವಿಷ್ಟನ್ನೂ ಕೊಡಿ. ದಾಖಲೆಯಲ್ಲಿ ವೈಫೈ ಪಾಸ್‌ವರ್ಡ್, ಸರ್ವರಿನ ಕೀಲಿಗಳು ಇದ್ದರೆ ಕಳಿಸುವ ಮೊದಲು ಅಳಿಸಿ. ಒಂದೇ ಬಗೆಯ ಹತ್ತು ಸಾಧನಗಳಲ್ಲಿ ಒಂದು ಮಾತ್ರ ಕೆಟ್ಟಿದೆಯೋ ಹತ್ತೂ ಕೆಟ್ಟಿವೆಯೋ ಎಂಬುದನ್ನು ಮೊದಲ ಸಾಲಿನಲ್ಲೇ ಹೇಳಿ. ಒಂದಾದರೆ ಬೆಸುಗೆ ಮತ್ತು ಬಿಡಿಭಾಗ ನೋಡುತ್ತಾರೆ, ಹತ್ತೂ ಆದರೆ ವಿನ್ಯಾಸವನ್ನು ನೋಡುತ್ತಾರೆ.